ಅಮಾವಾಸ್ಯೆಗೆ ತೊಳೆದ ಮರದ ಚರ್ಚು

ನಾನು ಹುಟ್ಟಾ ಅಂಜುಬುರುಕಿ. ನಮ್ಮ ಮನೆಯಲ್ಲಿ ಇದು ಗುಟ್ಟೇನಲ್ಲ. ಗ್ಯಾಸ್ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬಂದವಳು ನಾನು. ಅಮೆರಿಕದ ಸ್ಯಾಂಟಾ ಕ್ಲಾರಿಟಾದಲ್ಲಿದ್ದಾಗ ಒಮ್ಮೆ ಗುಡ್ಡದ ಬೆಂಕಿಗೆ ಹೆದರಿ ಪಾಸ್‌ಪೋರ್ಟು, ಮಗಳು, ಇಡ್ಲಿ ಪಾತ್ರೆ ಇಷ್ಟನ್ನು ಎತ್ತಿಕೊಂಡು ಓಡಿದ್ದೆವು. ಇಡ್ಲಿ ಪಾತ್ರೆ ಯಾಕೆ ಎಂದು ಗಂಡ ಇವತ್ತಿಗೂ ಕೇಳುತ್ತಾರೆ. ಬೆಂಕಿ ನಮ್ಮ ಬೀದಿಗೆ ಬರಲೇ ಇಲ್ಲ. ಭಯ ಮಾತ್ರ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ನಾವು ಸ್ಯಾನ್ ಡಿಯಾಗೊಗೆ ಮನೆ ಬದಲಿಸಿದಾಗಲೂ ಜೊತೆಗೇ ಬಂತು.

ಸಿಕ್ಕ ಕೆಲಸವೂ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಪಕ್ಕದ ಪೊವೇ ಊರಿನ ಬಿಸಿನೆಸ್ ಪಾರ್ಕಿನ ಒಂದು ಸಣ್ಣ ಕಂಪನಿಯಲ್ಲಿ, ಕೋಣೆಯೊಳಗಿನ ಶಾಖವನ್ನೂ ತೇವವನ್ನೂ ಅಳೆಯುವ ಸೆನ್ಸರ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಔಷಧಿಯ ಗೋದಾಮಿನಲ್ಲೋ ಮ್ಯೂಸಿಯಮ್ಮಿನಲ್ಲೋ ಗಾಳಿ ಅತಿಯಾಗಿ ಒಣಗಿದರೆ, ಅತಿಯಾಗಿ ತೇವವಾದರೆ ಯಾರದೋ ಫೋನು ಕೂಗಿಕೊಳ್ಳಬೇಕು. ಏನೇನು ಕೆಡಬಹುದು ಎಂದು ಮೊದಲೇ ಯೋಚಿಸುವುದಕ್ಕೆ ಅವರು ನನಗೆ ಸಂಬಳ ಕೊಡುತ್ತಾರೆ. ನಾನಾದರೋ ಅದನ್ನು ಪುಕ್ಕಟೆಯಾಗಿಯೇ ಮಾಡುತ್ತಿದ್ದೆ.

ನಾವಿರುವುದು ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊ ಬಡಾವಣೆಯಲ್ಲಿ. ನಮ್ಮ ಎದುರು ಮನೆಯಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಇದ್ದಾರೆ. ಎಂಬತ್ತು ದಾಟಿದವರು, ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ. ಗದಗಿನಿಂದ ಬಂದು ನಮ್ಮ ಜೊತೆಗೇ ಇರುವ ನನ್ನ ಅವ್ವ ಅವರನ್ನು 'ಎದುರ ಮನಿ ಅಜ್ಜಿ' ಎಂದೇ ಕರೆಯುತ್ತಿದ್ದಳು, ತನಗೇನೋ ವಯಸ್ಸೇ ಆಗಿಲ್ಲವೆಂಬಂತೆ. ಇವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಲಾಕ್‌ಡೌನ್ ಕಾಲದಲ್ಲಿ ಇಬ್ಬರೂ ತಮ್ಮ ತಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ನಡುವೆ ರಸ್ತೆಯನ್ನು ಇಟ್ಟುಕೊಂಡು, ಕೈಸನ್ನೆಯಲ್ಲೇ ಗೆಳತಿಯರಾದರು. ಅವರು ನಿಂಬೆಹಣ್ಣು ಕೊಟ್ಟರೆ ಇವಳು ಉಪ್ಪಿನಕಾಯಿ ಹಾಕಿ ವಾಪಸು ಕೊಡುತ್ತಿದ್ದಳು. ಅವರು ಅದನ್ನು ತಿನ್ನುತ್ತಿದ್ದರೋ ಏನು ಮಾಡುತ್ತಿದ್ದರೋ ನಾವು ಕೇಳಲು ಹೋಗಲಿಲ್ಲ.

ಆ ಅಜ್ಜಿ ಪ್ರತಿ ಭಾನುವಾರ ಹೋಗುತ್ತಿದ್ದುದು ಪೊವೇ ಆಚೆ, ಗುಡ್ಡಗಳ ಬುಡದಲ್ಲಿರುವ ಒಂದು ಹಳೆಯ ಮರದ ಚರ್ಚಿಗೆ. ನೂರು ವರ್ಷಕ್ಕೂ ಹಿಂದಿನದು. ಒಂದೇ ಕೋಣೆ, ಗೋಡೆಗೆಲ್ಲ ರೆಡ್‌ವುಡ್ ಹಲಗೆ, ನೆಲಕ್ಕೂ ಹಲಗೆ. ಮುಂದಿನ ಗೋಡೆಯ ಮೇಲೆ, ಬಲಿಪೀಠದ ಹಿಂದೆ, ಯಾರೋ ಹಿಂದಿನವರು ಹಲಗೆಯ ಮೇಲೆಯೇ ಬಣ್ಣದಲ್ಲಿ ಒಂದು ದ್ರಾಕ್ಷಿಬಳ್ಳಿ ಬರೆದಿದ್ದಾರೆ. ನೆಲದ ಹತ್ತಿರ ಹುಟ್ಟಿ, ಕವಲೊಡೆದು, ಮಾಡಿನ ತನಕ ಏರುತ್ತದೆ. ಅಜ್ಜಿಯ ಮದುವೆಯಾದದ್ದು ಆ ಬಳ್ಳಿಯ ಮುಂದೆ, ಗಂಡನ ಶವಪೆಟ್ಟಿಗೆ ಇಟ್ಟದ್ದೂ ಅದರ ಮುಂದೆಯೇ.

ಕೊರೊನಾ ಸ್ವಲ್ಪ ಇಳಿದು ಚರ್ಚು ಮತ್ತೆ ತೆರೆದಾಗ, ಒಳಗೆ ಕೂತವರ ಉಸಿರು ಒಬ್ಬರಿಂದೊಬ್ಬರಿಗೆ ತಾಗದಿರಲಿ ಎಂದು ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಜನರಿಗೆ ಒಳ್ಳೆಯದಾಯಿತು. ಆದರೆ ಆ ಶರತ್ಕಾಲದಲ್ಲಿ ಮರುಭೂಮಿಯ ಕಡೆಯಿಂದ ಒಣಗಾಳಿ ಎದ್ದಿತು. ಇಲ್ಲಿಯವರು ಸ್ಯಾಂಟಾ ಆನಾ ಅನ್ನುವ ಗಾಳಿ ಅದು. ತುಟಿ ಒಡೆಯುತ್ತದೆ, ಬಾಗಿಲಿನ ಹಿಡಿ ಮುಟ್ಟಿದರೆ ಕಿಡಿ ಹಾರುತ್ತದೆ. ಪ್ರಾರ್ಥನೆಯ ನಡುವೆ ಗೋಡೆ ಲಟಲಟ ಅನ್ನತೊಡಗಿತಂತೆ. ಅಜ್ಜಿ ಗಾಬರಿಯಿಂದ ನಮ್ಮ ಮನೆಗೆ ಬಂದರು.

"ನೀನು ಗಾಳಿಯನ್ನು ಅಳೆಯುವವಳಲ್ಲವೇ? ನಮ್ಮ ಗೋಡೆಗೆ ಏನಾಗುತ್ತಿದೆ ಹೇಳು" ಎಂದರು.

ಹೀಗೆ ನಾನು ಆ ಬಳ್ಳಿಯ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸೆನ್ಸರ್ ಒಂದನ್ನು ಕೂರಿಸಿದೆ. ಒಳಗಿನ ತೇವ ಏರಿದರೆ, ಇಳಿದರೆ ನನ್ನ ಫೋನಿನಲ್ಲಿ ಒಂದು ಗೆರೆ ಏರಿಳಿಯುತ್ತದೆ. ಮರ ಸತ್ತಿದ್ದರೂ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಹೀರಿಕೊಂಡು ಉಬ್ಬುತ್ತದೆ, ಗಾಳಿ ಒಣಗಿದರೆ ಇದ್ದದ್ದನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ನಿಧಾನವಾಗಿ ಆದರೆ ತಡೆದುಕೊಳ್ಳುತ್ತದೆ. ಒಮ್ಮೆಲೇ ಆದರೆ ಸೀಳುತ್ತದೆ, ಮೇಲಿನ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ಕಿಟಕಿ ಎಷ್ಟು ತೆರೆಯಬೇಕು, ಯಾವ ದಿನ ಮುಚ್ಚಬೇಕು ಎಂದು ನಾನು ಹೇಳತೊಡಗಿದೆ, ಅವರು ಕೇಳತೊಡಗಿದರು. ಗೋಡೆ ಸುಮ್ಮನಾಯಿತು.

ಆಗ ನಮ್ಮ ಮಕ್ಕಳ ಕನ್ನಡ ಕ್ಲಾಸಿಗೆ ಜಾಗವಿರಲಿಲ್ಲ. ಅಜ್ಜಿಯೇ ಚರ್ಚಿನ ಕಮಿಟಿಗೆ ಹೇಳಿ, ಭಾನುವಾರ ಮಧ್ಯಾಹ್ನ ಅವರ ಪ್ರಾರ್ಥನೆ ಮುಗಿದ ಮೇಲೆ ಚರ್ಚನ್ನು ನಮಗೆ ಬಿಟ್ಟುಕೊಡಿಸಿದರು. ಬೆಳಗ್ಗೆ ಬೆರಳೆಣಿಕೆಯಷ್ಟು ಮುದುಕರು ಕೂರುವ ಬೆಂಚುಗಳ ಮೇಲೆ ಮಧ್ಯಾಹ್ನ ನಮ್ಮ ಮಕ್ಕಳು ಕಾಲು ಅಲ್ಲಾಡಿಸಿಕೊಂಡು ಅ ಆ ಇ ಈ ಓದುತ್ತಿದ್ದರು. ಅಜ್ಜಿ ಮನೆಗೆ ಹೋಗದೆ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು.

ಒಂದು ಸಲ ಅವರು ನನಗೆ ಹೇಳಿದ್ದರು: "ಕಮಿಟಿಯವರಿಗೆ ಈ ಕಟ್ಟಡ ಸಾಕಾಗಿದೆ. ಏನಾದರೂ ಒಂದು ಕೆಟ್ಟರೆ ಸಾಕು, ಮುಚ್ಚಿಬಿಡುತ್ತಾರೆ. ನನಗೆ ಬೇರೇನೂ ಬೇಡ. ಇರುವಷ್ಟು ದಿನ ಭಾನುವಾರ ಇಲ್ಲಿ ಬಂದು ಕೂರುವುದಕ್ಕೆ ಇದೊಂದು ಬಾಗಿಲು ಇರಲಿ."

ಮರುವರ್ಷ ದೀಪಾವಳಿಯನ್ನು ಕ್ಲಾಸಿನಲ್ಲೇ ಸಣ್ಣದಾಗಿ ಮಾಡೋಣ ಎಂದುಕೊಂಡೆವು. ದೀಪ ಹಚ್ಚುವುದಿಲ್ಲ, ಬ್ಯಾಟರಿ ದೀಪವಷ್ಟೇ ಎಂದು ನಾನು ಎಲ್ಲ ತಾಯಂದಿರಿಂದ ಮಾತು ತೆಗೆದುಕೊಂಡಿದ್ದೆ. ಮರದ ಕಟ್ಟಡ, ಒಣ ಕಾಲ. ಬೆಂಕಿಯ ಭಯ ಒಂದೇ ನನ್ನ ತಲೆಯಲ್ಲಿ ತುಂಬಿತ್ತು. ಹಿಂದಿನ ದಿನ ಶನಿವಾರ ಬೆಳಗ್ಗೆ ಅಜ್ಜಿಯಿಂದ ಕೀ ಇಸಿದುಕೊಂಡು, ಅವ್ವನನ್ನು ಚರ್ಚಿನಲ್ಲಿ ಬಿಟ್ಟು, "ಬಣ್ಣದ ಪೇಪರ್ ಕತ್ತರಿಸ್ತಿರು, ಪ್ಲೇಟು ತಗೊಂಡು ಬರ್ತೀನಿ" ಎಂದು ಅಂಗಡಿಗೆ ಹೋದೆ.

ವಾಪಸು ಬಂದಾಗ ಬಾಗಿಲಲ್ಲಿ ಅವ್ವನ ಚಪ್ಪಲಿ ಇತ್ತು. ಒಳಗಿನಿಂದ ನೀರಿನ ಸದ್ದು. ಅವ್ವ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿಕೊಂಡು, ಚರ್ಚಿನ ನೆಲದ ತುಂಬ ಬಕೆಟ್ಟಿನಿಂದ ನೀರು ಸುರಿದು, ಪೊರಕೆಯಿಂದ ಸರಸರ ತಳ್ಳುತ್ತಿದ್ದಳು. ನೀರು ಹಲಗೆಗಳ ಸಂದಿಯಲ್ಲಿ ಇಳಿಯುತ್ತಿತ್ತು. ಉಳಿದದ್ದು ಮುಂದಿನ ಗೋಡೆಯ ಬುಡಕ್ಕೆ, ಬಳ್ಳಿಯ ಬೇರಿನ ಹತ್ತಿರ, ಮಡುಗಟ್ಟಿ ನಿಂತಿತ್ತು.

ಕೈಯಲ್ಲಿದ್ದ ಪ್ಲೇಟುಗಳ ಕಟ್ಟನ್ನು ಬಾಗಿಲಲ್ಲೇ ಇಟ್ಟೆ.

"ಎಷ್ಟ ಧೂಳ ಇತ್ತ ನೋಡವಾ" ಎಂದಳು ಅವ್ವ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಅಮಾಸಿ ಬಂತು. ದೇವರ ಮನಿ ತೊಳೀದ ಹಂಗ ಬಿಡಾಕ ಬರತೈತೇನ? ಅವರಿಗೂ ದೇವರ, ನಮಗೂ ದೇವರ. ಈಗ ನೋಡ ಹೆಂಗ ಥಳಥಳ ಅನ್ನಾಕತ್ತೈತಿ."

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಮನೆಯನ್ನೆಲ್ಲ ತೊಳೆಯಬೇಕು. ಕಲ್ಲಿನ ನೆಲ, ನೀರು ಹೊರಹೋಗಲು ಮೂಲೆಯಲ್ಲೊಂದು ತೂತು, ಮಧ್ಯಾಹ್ನದೊಳಗೆ ಒಣಗಿ ಹೋಗುತ್ತದೆ. ಗುಡಿಯ ನೆಲ ತೊಳೆಯುವುದಂತೂ ಸೇವೆ. ಅದಕ್ಕೆ ಹೆಂಗಸರಲ್ಲಿ ಪೈಪೋಟಿ. ನಮಗೆ ಜಾಗ ಕೊಟ್ಟ ದೇವರಿಗೆ, ಎದುರು ಮನೆ ಗೆಳತಿಯ ದೇವರಿಗೆ, ಅವ್ವ ತನಗೆ ಗೊತ್ತಿದ್ದ ಅತ್ಯುತ್ತಮ ಸೇವೆಯನ್ನೇ ಮಾಡಿದ್ದಳು. ಅವಳನ್ನು ಬೈಯುವುದು ಹೇಗೆ? ನಾನು ಅಳುತ್ತ, ಅಲಂಕಾರಕ್ಕೆಂದು ತಂದಿದ್ದ ಬಟ್ಟೆ, ನನ್ನ ದುಪಟ್ಟಾ, ಕಾರಿನಲ್ಲಿದ್ದ ಟವೆಲ್ಲು, ಸಿಕ್ಕಿದ್ದನ್ನೆಲ್ಲ ಹಾಸಿ ನೀರು ಹಿಂಡತೊಡಗಿದೆ. ನನ್ನ ಮುಖ ನೋಡಿ ಅವ್ವನ ಕೈಯಿಂದ ಪೊರಕೆ ಜಾರಿತು.

"ನಾ ಏನ ಮಾಡಿದ್ನವಾ?" ಎಂದು ಮೆಲ್ಲಗೆ ಕೇಳಿದಳು.

ಫೋನ್ ಮಾಡಿದ ತಕ್ಷಣ ಅಜ್ಜಿ ಬಂದರು, ನಮ್ಮವರೂ ಮಗಳೂ ಬಂದರು. ಅಜ್ಜಿ ಬಾಗಿಲಲ್ಲೇ ನಿಂತು ಒಮ್ಮೆ ನೆಲ ನೋಡಿದರು, ಒಮ್ಮೆ ಗೋಡೆ ನೋಡಿದರು. ಅವರ ಮುಖದ ಬಣ್ಣ ಇಳಿದುಹೋಯಿತು. ಆದರೂ ಮೊದಲು ಹೋಗಿ ಅವ್ವನ ಒದ್ದೆ ಕೈ ಹಿಡಿದುಕೊಂಡರು.

ನಮ್ಮವರು ಬೆಂಗಳೂರಿನ ಇಂಜಿನಿಯರು. ಸಮಸ್ಯೆ ಕಂಡರೆ ಯಾವುದಾದರೂ ಯಂತ್ರ ತರಬೇಕು. "ಸುಮ್ನೆ ಟೆನ್ಷನ್ ಮಾಡ್ಕೋಬೇಡ. ದೊಡ್ಡ ಬ್ಲೋವರ್ ರೆಂಟ್ ಮಾಡ್ಕೊಂಡು ಬರ್ತೀನಿ. ಹೀಟರ್ ಫುಲ್ ಆನ್ ಮಾಡಿದ್ರೆ ಸಂಜೆಯೊಳಗೆ ಡ್ರೈ ಆಗತ್ತೆ" ಎಂದು ಹೊರಟೇಬಿಟ್ಟರು.

ಮಗಳು ನನ್ನ ಭುಜ ಹಿಡಿದು "ಅಮ್ಮ, ಇಟ್ಸ್ ಜಸ್ಟ್ ವಾಟರ್" ಎಂದಳು.

ನನಗೂ ಕ್ಷಣಕಾಲ ಹಾಗೇ ಅನ್ನಿಸಿತು, ಬೇಗ ಒಣಗಿದರೆ ಬೇಗ ಮುಗಿಯುತ್ತದೆ ಎಂದು. ಆದರೂ ಲಾಸ್ ಏಂಜಲೀಸಿನ ಒಬ್ಬಾಕೆಗೆ ಫೋನ್ ಹಚ್ಚಿದೆ. ಹಳೆಯ ಮರದ ಕಟ್ಟಡಗಳನ್ನು ಕಾಪಾಡುವುದೇ ಆಕೆಯ ಕೆಲಸ. ನಮ್ಮ ಕಂಪನಿಯ ಸೆನ್ಸರ್ ಬಳಸುತ್ತಾಳೆ, ಹಾಗಾಗಿ ಪರಿಚಯ.

"ಬ್ಲೋವರ್ ಹಚ್ಚಿದ್ದೀರಾ?" ಇದು ಆಕೆಯ ಮೊದಲ ಪ್ರಶ್ನೆ.

"ತರೋಕೆ ಹೋಗಿದ್ದಾರೆ."

"ವಾಪಸು ಕರೆಯಿರಿ. ಹೀಟರ್ ಮುಟ್ಟಬೇಡಿ. ಮೇಲೆ ಬೇಗ ಒಣಗಿ ಒಳಗೆ ಒದ್ದೆ ಉಳಿದರೆ ಹಲಗೆ ಅಲ್ಲೇ ಸೀಳುತ್ತದೆ. ಒತ್ತಿ ಒತ್ತಿ ನೀರು ತೆಗೆಯಿರಿ, ಆಮೇಲೆ ಕೋಣೆಯನ್ನು ತೇವವಾಗಿಯೇ ಇಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಒಣಗಲು ಬಿಡಿ. ವಾರಗಟ್ಟಲೆ ಹಿಡಿಯಲಿ, ಚಿಂತೆಯಿಲ್ಲ. ಅಲ್ಲಿ ಹವೆ ಹೇಗಿದೆ?"

ನಾನು ಹವಾಮಾನ ತೆರೆದು ನೋಡಿದೆ. ಸೋಮವಾರದಿಂದ ಸ್ಯಾಂಟಾ ಆನಾ. ಹೇಳಿದೆ. "ಹಾಗಾದರೆ ಗಾಳಿ ಏಳುವ ಮೊದಲೇ ಕಿಟಕಿಯ ಸಂದಿಗಳನ್ನೆಲ್ಲ ಮುಚ್ಚಿ" ಎಂದಳು.

ಭಾನುವಾರ ದೀಪಾವಳಿಯೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಕಿಟಕಿಯ ಸಂದಿಗಳಿಗೆ ಟೇಪು ಅಂಟಿಸಿದೆವು. ಮನೆಯಲ್ಲಿದ್ದ, ಗಾಳಿಗೆ ತೇವ ಬಿಡುವ ಹ್ಯುಮಿಡಿಫೈಯರ್‌ಗಳನ್ನೆಲ್ಲ ತಂದು ಇಟ್ಟೆವು, ಕ್ಲಾಸಿನ ಉಳಿದ ತಾಯಂದಿರೂ ತಮ್ಮ ಮಕ್ಕಳ ಕೋಣೆಯದನ್ನು ತಂದುಕೊಟ್ಟರು. ಅಷ್ಟರಲ್ಲಿ ಫೋನಿಗೆ ಕರೆಂಟು ಕಂಪನಿಯ ಸಂದೇಶ ಬಂತು: ಗಾಳಿ ಜೋರಾದರೆ ತಂತಿಯಿಂದ ಬೆಂಕಿ ಹತ್ತದಿರಲಿ ಎಂದು ಗುಡ್ಡದ ಕಡೆ ಕರೆಂಟು ತೆಗೆಯಬಹುದು, ಸಿದ್ಧರಾಗಿರಿ. ಕರೆಂಟಿಲ್ಲದೆ ಹ್ಯುಮಿಡಿಫೈಯರ್ ಏನು ಮಾಡೀತು? ಲಾಸ್ ಏಂಜಲೀಸಿನಾಕೆಗೆ ಮತ್ತೆ ಫೋನ್ ಮಾಡಿದೆ. ಬಿಳಿ ಹತ್ತಿಬಟ್ಟೆಗಳನ್ನು ಒದ್ದೆ ಮಾಡಿ, ಮರಕ್ಕೆ ಎಲ್ಲೂ ತಾಗದಂತೆ, ಕೆಳಗೆ ಪ್ಲಾಸ್ಟಿಕ್ ಟಬ್ಬು ಇಟ್ಟು ತೂಗುಹಾಕಿ ಎಂದಳು. ಬೆಡ್‌ಶೀಟುಗಳು ಸಾಲಲಿಲ್ಲ. ಅವ್ವ ಮಾತಿಲ್ಲದೆ ತನ್ನ ಟ್ರಂಕು ತೆರೆದು ಅಪ್ಪನ ಧೋತರಗಳನ್ನು ತೆಗೆದುಕೊಟ್ಟಳು. ಚರ್ಚಿಗೆ ಮಾತ್ರ ಬರಲೊಲ್ಲೆ ಎಂದಳು.

"ದೇವರ ಮನಿ ಹಾಳ ಮಾಡಿದ ಕಾಲಿವು. ಮತ್ತ ಆ ಹೊಸ್ತಿಲ ದಾಟಾಂಗಿಲ್ಲ" ಎಂದಳು.

ಸೋಮವಾರ ಬೆಳಗ್ಗೆಯೇ ಗಾಳಿ ಬಂತು. ನಾನು ರಜೆ ಹಾಕಿ ಚರ್ಚಿನಲ್ಲಿ ಕೂತೆ, ಅಜ್ಜಿ ನನ್ನ ಜೊತೆ. ಕಾರನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದೆ. ಗುಡ್ಡದಲ್ಲಿ ಹೊಗೆ ಕಂಡರೆ ಓಡುವುದಕ್ಕೆ. ಹೊರಗೆ ಯೂಕಲಿಪ್ಟಸ್ ಮರಗಳು ಬಾಗಿ ಏಳುತ್ತಿದ್ದವು. ಮಾಡಿನ ಮೇಲೆ ಕಡ್ಡಿ, ತೊಗಟೆ ಬಿದ್ದು ಉರುಳುತ್ತಿದ್ದವು. ಹೊತ್ತು ಏರುವಷ್ಟರಲ್ಲಿ ಕರೆಂಟು ಹೋಯಿತು. ಹ್ಯುಮಿಡಿಫೈಯರ್‌ಗಳ ಗುರುಗುರು ಒಮ್ಮೆಲೇ ನಿಂತು ಕೋಣೆ ಸ್ತಬ್ಧವಾಯಿತು.

ಬಟ್ಟೆಗಳನ್ನು ಒದ್ದೆ ಮಾಡಿ ತೂಗುಹಾಕಿದೆವು. ಬೆಂಚುಗಳ ನಡುವೆ ಬಟ್ಟೆ ಒಣಹಾಕುವ ಸ್ಟ್ಯಾಂಡುಗಳ ಮೇಲೆ ಅಪ್ಪನ ಧೋತರಗಳು ನೇತಾಡಿದವು. ನೋಡನೋಡುತ್ತಿದ್ದಂತೆ ಒಣಗುತ್ತಿದ್ದವು. ಮತ್ತೆ ಅದ್ದಿ, ಹಿಂಡಿ, ಹಾಕುವುದು. ಸೆನ್ಸರಿನ ಅಂಕಿ ಇಳಿಯುತ್ತಿತ್ತು. ಬಟ್ಟೆ ಹಾಕಿದಾಗ ಸ್ವಲ್ಪ ತಡೆಯುತ್ತಿತ್ತು, ಆಮೇಲೆ ಮತ್ತೆ ಇಳಿಯುತ್ತಿತ್ತು. ನೆಲದ ಹಲಗೆಗಳು, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ, ಎರಡೂ ಅಂಚು ಎತ್ತತೊಡಗಿದ್ದವು. ಅಡಿ ಇಟ್ಟಲ್ಲೆಲ್ಲ ಕಿರುಗುಟ್ಟುವ ಸದ್ದು. ನಾನು ಬೆರಳ ತುದಿಯಲ್ಲಿ ನಡೆಯುತ್ತಿದ್ದೆ.

ಭಯವಾದರೆ ನನಗೆ ಮಾತು ಜಾಸ್ತಿ. ಅಜ್ಜಿಯ ಪಕ್ಕ ಕೂತು ಒಂದೇ ಸಮನೆ ಹೇಳುತ್ತ ಹೋದೆ. ಮರ ಹೇಗೆ ಹೀರುತ್ತದೆ, ಹೇಗೆ ಬಿಡುತ್ತದೆ, ಒಂದು ಬಾಗಿಲು ತೆರೆದರೆ ಒಳಗಿನ ಗಾಳಿ ಹೇಗೆ ಕದಡುತ್ತದೆ. ಫೋನಿನಲ್ಲಿ ಹಳೆಯ ಗೆರೆಗಳನ್ನು ತೆರೆದು ತೋರಿಸಿದೆ.

"ಇಲ್ಲಿ ನೋಡಿ, ಈ ಉಬ್ಬು ನಿಮ್ಮ ಭಾನುವಾರದ ಪ್ರಾರ್ಥನೆ. ಇದು ನಮ್ಮ ಕ್ಲಾಸು, ಮಕ್ಕಳು ಜಾಸ್ತಿ, ಅದಕ್ಕೇ ಉಬ್ಬೂ ಜಾಸ್ತಿ. ನಾವು ಬಿಡೋ ಉಸಿರಲ್ಲೆಲ್ಲ ನೀರಿರುತ್ತೆ."

ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಅಂದರೆ ನಾವು ಬಂದು ಕೂತದ್ದು ಗೋಡೆಗೆ ಗೊತ್ತಾಗುತ್ತದೆ."

"ಪ್ರತಿಯೊಬ್ಬರದೂ ಗೊತ್ತಾಗುತ್ತೆ."

"ನಾನೊಬ್ಬಳೇ ಬಂದರೂ?"

"ನೀವೊಬ್ಬರೇ ಬಂದರೂ" ಎಂದೆ. ನನಗೆ ಆಗ ನನ್ನ ಜ್ಞಾನದ ಮೇಲೆ ಸ್ವಲ್ಪ ಹೆಮ್ಮೆಯೇ ಇತ್ತು.

ಆ ಮಾತು ಆಡಿ ತುಸು ಹೊತ್ತಾಗಿರಬೇಕು. ಫಟ್ ಎಂದಿತು. ಬಂದೂಕು ಹಾರಿಸಿದಂಥ ಸದ್ದು. ನಾನು ಬೆಂಚಿನ ಕೆಳಗೆ ಬಗ್ಗಿ ಕೂತುಬಿಟ್ಟಿದ್ದೆ. ತಲೆ ಎತ್ತಿದರೆ ಮುಂದಿನ ಗೋಡೆಯ ಒಂದು ಹಲಗೆ ಬುಡದಿಂದ ಮೇಲಕ್ಕೆ ಸೀಳಿತ್ತು. ಬಳ್ಳಿಯ ಕಾಂಡದ ನಡುವೆಯೇ ಒಂದು ಕಪ್ಪು ಬಿರುಕು, ಅದರ ಅಂಚಿನಿಂದ ಹಸಿರು ಬಣ್ಣದ ಹುಡಿ ಇನ್ನೂ ಉದುರುತ್ತಿತ್ತು. ಅಜ್ಜಿ ಎದ್ದು ಹೋಗಿ ಅದರ ಮುಂದೆ ನಿಂತರು. ಮುಟ್ಟಲಿಲ್ಲ. ಬಾಯಿಯ ಮೇಲೆ ಅಂಗೈ ಒತ್ತಿಕೊಂಡಿದ್ದರು. ಅಳು ತಡೆಯುತ್ತಿದ್ದಾರೆ ಎಂದುಕೊಂಡೆ ನಾನು.

ಗಾಳಿ ಇನ್ನೂ ಮೂರು ದಿನ ಬೀಸಿತು. ಸರದಿಯ ಮೇಲೆ ಕ್ಲಾಸಿನವರೆಲ್ಲ ಬಂದು ಬಟ್ಟೆ ಅದ್ದಿದರು. ಇನ್ನೊಂದು ಹಲಗೆ ಸೀಳಲಿಲ್ಲ. ಆ ದಿನಗಳಲ್ಲಿ ನಾನು ಏನು ತಿಂದೆನೋ ನೆನಪಿಲ್ಲ. ತಟ್ಟೆ ಕೆಳಗಿಟ್ಟರೂ, ಯಾರಾದರೂ ಕಾರಿನ ಬಾಗಿಲು ಹಾಕಿದರೂ ಮೈ ಜುಮ್ಮೆನ್ನುತ್ತಿತ್ತು.

ಗಾಳಿ ನಿಂತ ಮೇಲೆ ಲಾಸ್ ಏಂಜಲೀಸಿನಾಕೆ ಡ್ರೈವ್ ಮಾಡಿಕೊಂಡು ಬಂದಳು. ಮಂಡಿಯೂರಿ ಟಾರ್ಚು ಹಿಡಿದು ಮೂಲೆಮೂಲೆ ನೋಡಿದಳು. ನೆಲ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ, ಸೀಳಿದ ಹಲಗೆಯ ಬಣ್ಣ ಉದುರದಂತೆ ಅಂಟು ಹಾಕಿ ಕೂರಿಸಬಹುದು ಎಂದಳು. "ಅಗ್ಗದಲ್ಲಿ ಪಾರಾದಿರಿ" ಎಂದು ನನ್ನ ಬೆನ್ನು ತಟ್ಟಿದಳು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆದರೆ ಕಮಿಟಿಯವರು ಸೇರಿದರು. ಜಗಳವಿಲ್ಲ, ಬೈಗುಳವಿಲ್ಲ, ನಯವಾಗಿಯೇ ಹೇಳಿದರು: ಕಟ್ಟಡಕ್ಕೆ ವಿಶ್ರಾಂತಿ ಬೇಕು. ಭಾನುವಾರದ ಪ್ರಾರ್ಥನೆ ಪಕ್ಕದ ಊರಿನ ಹೊಸ ಚರ್ಚಿಗೆ ಹೋಯಿತು. ನಮ್ಮ ಕ್ಲಾಸು ಒಂದು ಕಮ್ಯುನಿಟಿ ಹಾಲಿಗೆ ಹೋಯಿತು. ಅಲ್ಲಿ ನೆಲಕ್ಕೆ ಟೈಲ್ಸ್ ಇದೆ. ಅಜ್ಜಿ ಬೇಡಿಕೊಂಡದ್ದಕ್ಕೆ ಕೀ ಅವರ ಹತ್ತಿರವೇ ಬಿಟ್ಟರು. ಬೇಕೆಂದಾಗ ಹೋಗಿ ನೋಡಿಕೊಂಡು ಬನ್ನಿ, ಕೂತುಕೊಳ್ಳಿ ಎಂದರು. ಸೆನ್ಸರೂ ಅಲ್ಲೇ ಉಳಿಯಿತು.

ಅಂತೂ ಆ ಬಾಗಿಲು ಅವರಿಗೆ ಉಳಿಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಭಾನುವಾರ ಬೆಳಗ್ಗೆ ಎದುರು ಮನೆಯ ಕಾರು ಹೊರಡುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಫೋನಿನ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತಿತ್ತು: ಬಾಗಿಲು ತೆರೆಯಿತು, ಒಬ್ಬರು ಒಳಗೆ ಕೂತಿದ್ದಾರೆ. ನಾನು ದೋಸೆ ಹುಯ್ಯುತ್ತ ಅದನ್ನು ನೋಡುತ್ತಿದ್ದೆ. ಅವ್ವ ಮಾತ್ರ ಬದಲಾಗಿದ್ದಳು. ಅಮಾವಾಸ್ಯೆ ಬಂದರೂ ಮನೆಯ ನೆಲಕ್ಕೆ ಒದ್ದೆ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಅಜ್ಜಿ ಕೈ ಬೀಸಿದರೆ ತಲೆ ತಗ್ಗಿಸಿ ಒಳಗೆ ಬರುತ್ತಿದ್ದಳು.

ಬೇಸಿಗೆಯ ಆರಂಭದಲ್ಲಿ ಇಲ್ಲಿ ಬೆಳಗೆಲ್ಲ ಕಡಲಿನ ಮೋಡ ಕವಿದಿರುತ್ತದೆ. ಅಂಥ ಒಂದು ಭಾನುವಾರ ಅಜ್ಜಿಯ ಕಾರು ಹೊರಟಿತು, ಉಬ್ಬು ಬರಲಿಲ್ಲ. ತಡವಾಗಿರಬೇಕು ಎಂದುಕೊಂಡೆ. ಅವರು ಮಧ್ಯಾಹ್ನ ಎಂದಿನಂತೆ ವಾಪಸು ಬಂದರು. ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ. ಗೆರೆ ಸ್ಕೇಲು ಇಟ್ಟು ಎಳೆದಂತೆ ನೇರವಾಗಿತ್ತು. ಮರಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನಾನು ಕೆಲಸದಲ್ಲಿ ಜನರಿಗೆ ಮಾಡಿಕೊಡಲು ಒದ್ದಾಡುವುದು ಇಂಥ ಗೆರೆಯನ್ನೇ. ಆದರೂ ಫೋನು ಕೆಳಗಿಟ್ಟು ಕಿಟಕಿಯಿಂದ ಎದುರು ಮನೆಯನ್ನು ನೋಡಿದೆ. ಪ್ರತಿ ಭಾನುವಾರ ಕಾರು ತೆಗೆದುಕೊಂಡು ಎಲ್ಲಿಗೆ ಹೋಗುತ್ತಿದ್ದಾರೆ? ದಾರಿ ಮರೆಯುತ್ತಿದ್ದಾರೆಯೇ? ತಲೆಯಲ್ಲಿ ಏನಾದರೂ ಆಗಿದೆಯೇ?

ಮುಂದಿನ ಭಾನುವಾರ ಅವರ ಹಿಂದೆಯೇ ಹೊರಟೆ. ಒಬ್ಬಳೇ ಹೋಗಲು ಧೈರ್ಯವಾಗದೆ ಅವ್ವನನ್ನು ಒತ್ತಾಯ ಮಾಡಿ ಕೂರಿಸಿಕೊಂಡೆ. "ನಾ ಕಾರಿನ್ಯಾಗ ಕುಂದರತೀನಿ ಅಷ್ಟ" ಎಂದಳು.

ಅಜ್ಜಿಯ ಕಾರು ಚರ್ಚಿನ ಮುಂದೆಯೇ ನಿಂತಿತ್ತು. ಅವರು ಒಳಗೇ ಕೂತಿದ್ದರು, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಚರ್ಚಿನ ಮುಚ್ಚಿದ ಬಾಗಿಲನ್ನು ನೋಡುತ್ತ. ಭಾನುವಾರದ ಒಳ್ಳೆಯ ಕೋಟು ಹಾಕಿಕೊಂಡಿದ್ದರು. ನಾನು ಓಡಿಹೋಗಿ ಗಾಜು ತಟ್ಟಿದೆ. ಬೆಚ್ಚಿಬಿದ್ದು ಗಾಜು ಇಳಿಸಿದರು.

"ಯಾಕೆ ಇಲ್ಲೇ ಕೂತಿದ್ದೀರಿ? ಕೀ ಕಳೆದುಹೋಯಿತೇ?"

"ಇಲ್ಲ, ಇದೆ" ಎಂದು ತೋರಿಸಿದರು. ನಾಚಿಕೊಂಡವರಂತೆ ನಕ್ಕರು. "ಇಲ್ಲಿಂದಲೇ ಪ್ರಾರ್ಥನೆ ಮಾಡಿದರೆ ಆಯಿತು ಅಂದುಕೊಂಡೆ. ಹೋದ ತಿಂಗಳಷ್ಟೇ ಗೋಡೆಯ ಸೀಳಿಗೆ ಅಂಟು ಹಾಕಿದ್ದಾರೆ, ಇನ್ನೂ ಹಸಿಯಿರಬೇಕು. ನೀನೇ ಹೇಳಿದ್ದೆಯಲ್ಲ, ನಾನೊಬ್ಬಳೇ ಬಂದರೂ ಗೋಡೆಗೆ ಗೊತ್ತಾಗುತ್ತದೆ ಅಂತ. ಒಳಗೆ ಹೋದಾಗೆಲ್ಲ ಉಸಿರು ಹಿಡಿದು ಕೂರುತ್ತಿದ್ದೆ. ಎಷ್ಟು ಹೊತ್ತು ಹಿಡಿಯಲಿ? ಈ ವಯಸ್ಸಿಗೆ ಆಗುವುದಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಸೋಮವಾರ ಅವರು ಬಾಯಿಗೆ ಅಂಗೈ ಒತ್ತಿಕೊಂಡು ನಿಂತದ್ದು ಅಳು ತಡೆಯುವುದಕ್ಕಲ್ಲ, ಉಸಿರು ತಡೆಯುವುದಕ್ಕೆ. ಜೀವಮಾನವಿಡೀ ನನಗೊಬ್ಬಳಿಗೇ ಇದ್ದ ಭಯವನ್ನು ಮಾತಾಡಿ ಮಾತಾಡಿ ಅವರಿಗೂ ಅಂಟಿಸಿಬಿಟ್ಟಿದ್ದೆ.

ಅವ್ವ ಕಾರಿನಿಂದ ಇಳಿದು ಬಂದಿದ್ದಳು. "ಏನಂತಾರವಾ?" ಎಂದಳು. ಹೇಳಿದೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು.

"ನಾ ಕೊಡಗಟ್ಟಲೆ ನೀರ ಹೊಯ್ದರ ತಡಕೊಂಡ ಗೋಡಿ, ಈ ಮುದಿಜೀವ ಉಸರ ಬಿಟ್ಟರ ಬೀಳತೈತೇನ?" ಎಂದಳು. ಕಿಟಕಿಯೊಳಗೆ ಕೈ ಹಾಕಿ ಅಜ್ಜಿಯ ಕೈಯಿಂದ ಕೀ ತೆಗೆದುಕೊಂಡಳು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು, ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಬಾಗಿಲು ತೆರೆದು ಒಳಗೆ ಹೋದಳು. ಅವಳ ಕಾಲಡಿಯ ಹಲಗೆ ಕಿರುಗುಟ್ಟಿದ್ದು ನಮಗೆ ಹೊರಗೇ ಕೇಳಿಸಿತು. ಅಜ್ಜಿಯೂ ನಾನೂ ಒಟ್ಟಿಗೆ ಬೆಚ್ಚಿದೆವು.

ಬಾಗಿಲು ಹಾರುಹೊಡೆದಿತ್ತು. ಮೋಡದ ತೇವವೆಲ್ಲ ಒಳಗೆ ನುಗ್ಗುತ್ತಿತ್ತು. ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಫೋನು ನೋಡು. ಏರುತ್ತಿದೆಯಾ?"

ನೋಡಿದೆ. ಏರುತ್ತಿತ್ತು, ಕಣ್ಣೆದುರಿಗೇ, ತಡೆಯಿಲ್ಲದೆ.

"ಇಲ್ಲ" ಎಂದೆ. "ನೇರವಾಗೇ ಇದೆ."

ಅವರು ಕಾರಿನ ಬಾಗಿಲು ತೆಗೆದರು.